ನಾಯಿಗಳೊಡನೆ ಮೋಟಾರು ಪ್ರಯಾಣ

ಈ ಸ್ಮರಣ ಸಂಚಿಕೆಗೆ ಲೇಖನವೊಂದನ್ನು ಬರೆದುಕೊಡಬೇಕೆಂದು ಸಂಪಾದಕ ಮಂಡಲಿಯ ವಿದ್ಯಾರ್ಥಿನಿಯರು ನಮ್ಮನ್ನು ಕೇಳಿಕೊಂಡಾಗ, ಮುಖ್ಯೋಪಾಧ್ಯಾಯಿನಿಯು ಬರೆಯತಕ್ಕ ವಿಷಯವು ಯಾವುದೆಂಬದನ್ನೂ ಅವರೇ ನಿಶ್ಚಯಿಸಿಕೊಂಡು ಬಂದಿದ್ದರು. ಸ್ತ್ರೀವಿದ್ಯೆಯ ಕುರಿತಾಗಲಿ ಶಿಸ್ತಿನ ಕುರಿತಾಗಲಿ ನಮ್ಮ ಅಭಿಪ್ರಾಯಗಳನ್ನು ಅವರು ಪ್ರತಿ ಸೋಮವಾರದ ಬೆಳಗಿನ ಪ್ರಾರ್ಥನೆಯ ತರುವಾಯ ಕೇಳಿ ಕೇಳಿ ತಣಿದಿರುವರಾದ ಕಾರಣ, ರಾಜನೂ ಮೋತಿಯೂ ಶಾಲೆಯ ಕಾರಿನಲ್ಲಿ ಪ್ರಯಾಣ ಮಾಡುವ ಸಂಗತಿಯನ್ನೇ ಬರೆಯಬೇಕೆಂದು ಹಟ ಹಿಡಿದರು. ವಿಷಯವು ಅಲ್ಪವೆಂದು ಹಿರಿಯ ವಾಚಕರಿಗೆ ತೋರಬಹುದು. ಆದರೂ ಆಡಳಿತ ಮಂಡಲಿಯ ಎರಡು ಸಭೆಗಳಲ್ಲಿ ಚರ್ಚೆಗೆ ಬಂದು, ನಡವಳಿ ಪುಸ್ತಕದಲ್ಲಿ ದಾಖಲಾದ ವಿಷಯವನ್ನು ತೀರ ಅಲ್ಪವೆನ್ನಲು ನಮಗೆ ಮನಸ್ಸು ಬಾರದು.

ರಾಜನು ಆಲ್ಸೇಷಿಯನ್ ಜಾತಿಯವನು. 2015ರಲ್ಲಿ ಮರಿಯಾಗಿ ವಸತಿಗೃಹಕ್ಕೆ ಬಂದನು. ಪ್ರಾಯದಲ್ಲಿ 36 ಕಿಲೋಗ್ರಾಂ ತೂಗುತ್ತಿದ್ದನು. ಮೋತಿಯು 2019ರಲ್ಲಿ ಮುಧೋಳದ ಕಡೆಯಿಂದ ಬಂದ ಬೇಟೆನಾಯಿ. ಆ ಜಾತಿಯ ಕೀರ್ತಿಯನ್ನು ನಮ್ಮ ಸೀಮೆಯವರಿಗೆ ಹೇಳಬೇಕಾದದ್ದಿಲ್ಲ. ಮುಧೋಳ ಸಂಸ್ಥಾನದ ರಾಜರು ಐದನೆಯ ಜಾರ್ಜ್ ದೊರೆಗೆ ಕಾಣಿಕೆಯಾಗಿ ಕೊಟ್ಟದ್ದು ಇದೇ ಜಾತಿಯ ಜೋಡಿಯನ್ನು. ನಮ್ಮ ಅಂಚೆ ಇಲಾಖೆಯು 2005ರಲ್ಲಿ ದೇಶೀಯ ನಾಯಿಗಳ ಅಂಚೆಚೀಟಿಗಳನ್ನು ಹೊರಡಿಸಿದಾಗ ಅವುಗಳಲ್ಲಿ ಒಂದು ಇದರದಾಗಿತ್ತು. ಬಡಕಲಾಗಿ ಉದ್ದವಾಗಿ ಕಾಣುವ ಮೋತಿಯ ತೂಕವು 24 ಕಿಲೋಗ್ರಾಮಾದರೂ, ಆಸನದ ಮೇಲೆ ಕಾಲು ಚಾಚಿ ಮಲಗಿದಾಗ ಅದು ರಾಜನಿಗಿಂತಲೂ ಹೆಚ್ಚು ಸ್ಥಳವನ್ನು ಆಕ್ರಮಿಸುತ್ತದೆ. ಇವೆರಡೂ ರಾತ್ರಿಯಲ್ಲಿ ಆವರಣವನ್ನು ಸುತ್ತುತ್ತವೆಂಬ ಧೈರ್ಯದಿಂದಲೇ ದೂರದ ಹಳ್ಳಿಗಳ ತಾಯಿತಂದೆಗಳು ತಮ್ಮ ಹೆಣ್ಣುಮಕ್ಕಳನ್ನು ನಮ್ಮಲ್ಲಿ ಬಿಟ್ಟು ನಿದ್ದೆಮಾಡುತ್ತಾರೆ.

ಇಂಥ ನಾಯಿಗಳಿಗೆ ಕಾರಿನ ಪ್ರಯಾಣವು ವಿಲಾಸವಲ್ಲ. ವರುಷಕ್ಕೊಮ್ಮೆ ರೇಬೀಸ್ ರೋಗದ ಲಸಿಕೆಯನ್ನು ಹಾಕಿಸಲೇಬೇಕು. ಲೋಕದಲ್ಲಿ ಆ ರೋಗದಿಂದ ಸಾಯುವವರ ಪೈಕಿ ಮೂರರಲ್ಲಿ ಒಂದು ಪಾಲಿಗಿಂತ ಹೆಚ್ಚು ಜನರು ನಮ್ಮ ದೇಶದವರೆಂಬದು ವಿಶ್ವ ಆರೋಗ್ಯ ಸಂಸ್ಥೆಯ ಲೆಕ್ಕ. ಅರುವತ್ತು ಮಂದಿ ಹುಡುಗಿಯರು ತಲೆ ಸವರುವ ನಾಯಿಯ ವಿಷಯದಲ್ಲಿ ಒಂದು ದಿನದ ಅಲಕ್ಷ್ಯವೂ ಸಲ್ಲದು. ಹಾಗೆಯೇ ಬೇಸಿಗೆಯ ರಜೆಯಲ್ಲಿ ವಸತಿಗೃಹವು ಮುಚ್ಚಿದಾಗ ಅವು ನಮ್ಮೊಡನೆ ಧಾರವಾಡದಿಂದ ಗದಗಿನ ತವರುಮನೆಗೆ ಬರುತ್ತವೆ. ಆಟೋರಿಕ್ಷಾದವರು ಇಷ್ಟು ದೊಡ್ಡ ನಾಯಿಯನ್ನು ಕಂಡೊಡನೆ ಮುಂದಕ್ಕೆ ಸಾಗುತ್ತಾರೆ. ಉಳಿದದ್ದು 2017ರಲ್ಲಿ ಹಳೆಯ ವಿದ್ಯಾರ್ಥಿನಿಯರು ಕೂಡಿ ಕೊಡಿಸಿದ, ಬಟ್ಟೆಯ ಆಸನಗಳುಳ್ಳ ಶಾಲೆಯ ಚಿಕ್ಕ ಕಾರೊಂದೇ.

ಆ ಕಾರು ಒಬ್ಬರ ಸೊತ್ತಲ್ಲವೆಂಬದೇ ಇಲ್ಲಿಯ ತೊಡಕು. ನಡುರಾತ್ರಿಯಲ್ಲಿ ಜ್ವರ ಬಂದ ಮಗುವನ್ನು ಆಸ್ಪತ್ರೆಗೆ ಒಯ್ಯುವುದೂ ಅದೇ, ಪ್ರಶ್ನೆಪತ್ರಿಕೆಗಳ ಕಟ್ಟನ್ನು ತರುವುದೂ ಅದೇ, ಬಹುಮಾನ ಹಂಚುವ ದಿನ ಅತಿಥಿಗಳನ್ನು ಕರೆತರುವುದೂ ಅದೇ. 2022ರಲ್ಲಿ ಆಡಳಿತ ಮಂಡಲಿಯ ಹಿರಿಯ ಸದಸ್ಯರೊಬ್ಬರು ಹಾಗೆ ಸಭೆಗೆ ಬಂದಿಳಿದಾಗ ಅವರ ಬಿಳಿಯ ಧೋತರದ ಹಿಂಭಾಗವು ರಾಜನ ಕೂದಲಿನಿಂದ ಕಂಬಳಿಯಂತಾಗಿತ್ತು. ಮುಂದಿನ ಸಭೆಯಲ್ಲಿ, ನಾಯಿಗಳನ್ನು ಶಾಲೆಯ ಕಾರಿನಲ್ಲಿ ಒಯ್ಯಕೂಡದೆಂಬ ಠರಾವು ಮಂಜೂರಾಯಿತು. ಅದರ ಮರುವಾರ ರಾಜನನ್ನು ಬಾಡಿಗೆಯ ಸರಕು ಆಟೋದಲ್ಲಿ ಲಸಿಕೆಗೆ ಕಳುಹಿಸಬೇಕಾಯಿತು. ಮಳೆಯಲ್ಲಿ ನೆನೆದ ಬೋಳು ಕಬ್ಬಿಣದ ನೆಲದ ಮೇಲೆ ಅವನಿಗೆ ನಿಲ್ಲುವುದಕ್ಕೆ ಆಧಾರವಿರಲಿಲ್ಲ. ಒಂದು ತಿರುವಿನಲ್ಲಿ ಜಾರಿ ಬಿದ್ದು ಸೊಂಟವನ್ನು ನೋಯಿಸಿಕೊಂಡು ಮರಳಿದನು. ಆ ಜಾತಿಯವರಿಗೆ ಸೊಂಟದ ಕೀಲುಗಳು ಹುಟ್ಟಿನಿಂದಲೇ ದುರ್ಬಲವಾಗಿರುವುದುಂಟು. ಬಿದ್ದ ಪೆಟ್ಟು ಅದಕ್ಕೆ ಕೂಡಿತು. ಇನ್ನು ವಾರಕ್ಕೊಮ್ಮೆ ಚಿಕಿತ್ಸೆಗೆ ಕರೆತರಬೇಕೆಂದು ಪಶುವೈದ್ಯರು ಅಪ್ಪಣೆ ಮಾಡಿದರು.

ನಾವು ಮಂಡಲಿಗೆ ಬರಹದ ಮೂಲಕ ಅರಿಕೆ ಮಾಡಿಕೊಂಡೆವು. ಮೂರು ತಿಂಗಳ ಮಟ್ಟಿಗೆ ಅನುಮತಿಯು ದೊರೆಯಿತು. ಆದರೆ ಕಾರಿನ ಒಳಭಾಗವು ಯಾವ ದಿನವಾದರೂ ಯಾವ ಸದಸ್ಯರಾದರೂ ಬಂದು ಪರೀಕ್ಷಿಸುವಂತೆ ನಿರ್ಮಲವಾಗಿರಬೇಕು, ಇಲ್ಲವಾದರೆ ನಾಯಿಗಳನ್ನು ಯಾರಿಗಾದರೂ ಕೊಟ್ಟುಬಿಡತಕ್ಕದ್ದು ಎಂಬ ನಿಬಂಧನೆಯೊಡನೆ. ಮಹಾಭಾರತದ ಧರ್ಮರಾಯನು ತನ್ನ ಹಿಂದೆ ಬಂದ ನಾಯಿಯನ್ನು ಬಿಟ್ಟು ಇಂದ್ರನ ರಥವನ್ನು ಏರಲಾರೆನೆಂದು ನಿಂತ ಕಥೆಯನ್ನು ಅಂದು ನಮ್ಮ ಕನ್ನಡ ಪಂಡಿತರು ಸಭೆಗೆ ನೆನಪಿಸಿದರು. ಉತ್ತಮ ದೃಷ್ಟಾಂತವೇ ಸರಿ. ಆದರೆ ಇಂದ್ರನ ರಥದ ಮೆತ್ತೆಯನ್ನು ಮರುದಿನ ಯಾರು ಝಾಡಿಸಿದರೆಂಬದನ್ನು ಕವಿಗಳು ಹೇಳದೆ ಬಿಟ್ಟಿದ್ದಾರೆ, ನಮಗೆ ಬೇಕಾದದ್ದು ಅದೇ. ನಾಯಿಯನ್ನು ಪ್ರೀತಿಸುತ್ತೇವೆಂದು ಹೇಳುವವರು ಊರಲ್ಲಿ ಬಹಳ ಮಂದಿ. ಗಾಡಿಯು ಹೊಲಸಾದೀತೆಂಬ ಒಂದೇ ಕಾರಣದಿಂದ ಅವರ ನಾಯಿಯು ಮೊದಲು ಪ್ರವಾಸಕ್ಕೆ ಉಳಿಯುತ್ತದೆ, ಆಮೇಲೆ ವೈದ್ಯರ ಬಳಿಗೆ ಹೋಗುವುದು ತಪ್ಪುತ್ತದೆ, ಕಡೆಗೆ ಅದರ ಕುತ್ತಿಗೆಯ ಸರಪಳಿಯು ಬಿಚ್ಚುವುದೇ ಇಲ್ಲ. ಆಸನವನ್ನು ಕಾಯುವುದೂ ನಾಯಿಯನ್ನು ಕಾಯುವುದೂ ಬೇರೆ ಬೇರೆಯಲ್ಲವೆಂದು ನಾವು ಆ ಮೂರು ತಿಂಗಳಲ್ಲಿ ಚೆನ್ನಾಗಿ ಕಂಡುಕೊಂಡೆವು.

ಮೊದಲನೆಯ ದಿನ ನಮ್ಮ ಡ್ರೈವರನು ಅತ್ಯಂತ ಭರವಸೆಯಿಂದ ನೀಲಿಯ ತಾಡಪತ್ರಿಯನ್ನು ಹಿಂದಿನ ಆಸನಕ್ಕೆ ಹೊದಿಸಿ, “ಅಕ್ಕೋರ, ಇನ್ನ ಸೀಟಿಗೆ ಏನೂ ಆಗೂದಿಲ್ಲ ಬಿಡ್ರಿ” ಎಂದನು. ನೀರು ಇಳಿಯದ ಬಟ್ಟೆಯೆಂಬದೇನೋ ನಿಜ. ಆದರೆ ಕಾರು ಚಲಿಸಿದೊಡನೆ ರಾಜನ ಕಾಲುಗಳು ಜಾರತೊಡಗಿದವು. ಜಾರುವ ನಾಯಿಯು ಮಾಡುವುದೇನು? ಉಗುರುಗಳನ್ನು ಊರುತ್ತದೆ. ಅರ್ಧ ಮೈಲಿನಲ್ಲಿ ತಾಡಪತ್ರಿಯು ಮುದ್ದೆಯಾಗಿ ಕೆಳಗೆ ಬಿದ್ದು, ಉಗುರುಗಳು ಆಸನದ ಬಟ್ಟೆಯನ್ನೇ ಹಿಡಿದವು. ಹೆದರಿಕೆಯಿಂದ ಅವನ ಬಾಯಲ್ಲಿ ಜೊಲ್ಲು ಸುರಿಯಿತು. ತೇಗಿ ತೇಗಿ ಕಡೆಗೆ ವಾಂತಿಯನ್ನೂ ಮಾಡಿದನು. ವಸತಿಗೃಹದ ಮೇಟ್ರನ್ ಅಮ್ಮನವರು ಇದನ್ನೆಲ್ಲ ನೋಡಿ, “ಅಕ್ಕೋರ, ಪಾಪ, ಅದಕ್ಕ ಕಾಲಿಗೆ ಹಿಡಿತ ಇಲ್ರಿ. ಹಿಡಿತ ಸಿಕ್ರ ತಾನ ಸುಮ್ಮ ಕುಂದರ್ತೈತಿ. ನನ್ನ ಹಂತ್ಯಾಕ ಒಂದ ಹಳೀ ಕೌದಿ ಐತಿ, ತರ್ಲೇನ್ರಿ?” ಎಂದು ಕೇಳಿದರು. ಟ್ರೇನಿಂಗ್ ಕಾಲೇಜಿನಲ್ಲಿ ನಾವು ಮನಶ್ಶಾಸ್ತ್ರವನ್ನು ಎರಡು ವರುಷ ಓದಿದ್ದುಂಟು; ಅದರಲ್ಲಿ ಇಷ್ಟು ಉಪಯುಕ್ತವಾದ ವಾಕ್ಯವನ್ನು ಕಂಡ ನೆನಪಿಲ್ಲ. ಕಾರಿನ ಒಳಗಾಗುವ ಕೇಡುಗಳಲ್ಲಿ ಹೆಚ್ಚಿನ ಪಾಲು, ಅಂದರೆ ಗೀರು, ಜೊಲ್ಲು, ವಾಂತಿ, ಮೂತ್ರ, ಇವೆಲ್ಲ ನಾಯಿಯ ಕೊಳಕುತನದಿಂದಲ್ಲ, ಅದರ ಭಯದಿಂದ ಹುಟ್ಟುವವು.

ನಮ್ಮ ಸೀಮೆಯ ಕೌದಿಯನ್ನು ಎಲ್ಲರೂ ಬಲ್ಲರು. ಹಳೆಯ ಸೀರೆಗಳನ್ನೂ ಧೋತರಗಳನ್ನೂ ಪದರ ಪದರವಾಗಿ ಹಾಸಿ, ಒತ್ತೊತ್ತಾಗಿ ದಾರವೆಳೆದು ಹೊಲಿದ ಹೊದಿಕೆ ಅದು. ಆ ಹೊಲಿಗೆಯ ಸಾಲುಗಳೇ ನಾಯಿಯ ಪಾದಕ್ಕೆ ಮೆಟ್ಟಿಲುಗಳಂತೆ ಆಗುತ್ತವೆ. ಹೊಲಿಗೆಯ ತರಗತಿಯ ಹುಡುಗಿಯರು ಕಾರಿನ ಅಳತೆಯನ್ನು ತೆಗೆದುಕೊಂಡು ಹೊಸದೊಂದನ್ನು ಸಿದ್ಧಮಾಡಿದರು. ಕೆಳಗೆ ದಪ್ಪನೆಯ ಕ್ಯಾನ್ವಾಸು, ನಡುವೆ ನೀರಿಳಿಯದ ತೆಳು ರೆಕ್ಸಿನ್ನು, ಮೇಲೆ ಕೌದಿ. ಇದು ಆಸನದ ಮೇಲೆ ಸುಮ್ಮನೆ ಹಾಸುವುದಲ್ಲ. ಮುಂದಿನ ಆಸನಗಳ ತಲೆದಿಂಬುಗಳಿಗೆ ಎರಡು ಪಟ್ಟಿ, ಹಿಂದಿನವುಗಳಿಗೆ ಎರಡು ಪಟ್ಟಿ, ಹೀಗೆ ನಾಲ್ಕು ಕಡೆ ಕಟ್ಟಿದಾಗ ಜೋಳಿಗೆಯಂತೆ ನಿಂತುಕೊಳ್ಳುತ್ತದೆ. ಆಗ ಕಾಲಿಡುವ ತಗ್ಗಿಗೆ ನಾಯಿಯು ಉರುಳಿ ಬೀಳುವ ಭಯವೂ ತಪ್ಪಿತು, ಮುಂದಿನ ಆಸನದ ಬೆನ್ನಿಗೂ ಮರೆಯಾಯಿತು. ಬಾಗಿಲ ಒಳಮೈಯನ್ನು ಮುಚ್ಚಲು ಎರಡು ಪಕ್ಕದಲ್ಲಿ ಮಡಿಕೆಗಳನ್ನು ಇಳಿಬಿಟ್ಟಿದ್ದಾರೆ, ಯಾಕಂದರೆ ಕಿಟಕಿಯಲ್ಲಿ ನೋಡುವ ಆಸೆಯಿಂದ ನಾಯಿಯು ಮುಂಗಾಲನ್ನು ಇಡುವುದು ಅಲ್ಲಿಯೇ. ಸೀಟ್ ಬೆಲ್ಟಿನ ಕೊಂಡಿಯು ಮೇಲಕ್ಕೆ ಬರುವುದಕ್ಕೆ ಬೇಕಾದ ಸೀಳುಗಳನ್ನು ಕಾಜಾ ಹೊಲಿಗೆಯಿಂದ ಭದ್ರಪಡಿಸಿದ್ದಾರೆ.

ಆ ಸೀಳುಗಳ ವಿಷಯದಲ್ಲಿ ಡ್ರೈವರನಿಗೂ ನಮಗೂ ಸ್ವಲ್ಪ ವಾದವಾಯಿತು. ನಾಯಿಗೆ ಬೆಲ್ಟು ಯಾಕೆಂಬದು ಅವನ ಪ್ರಶ್ನೆ. ಉತ್ತರವನ್ನು ನಾವು ಒಂಬತ್ತನೆಯ ತರಗತಿಯ ಹುಡುಗಿಯರಿಂದಲೇ ಹೇಳಿಸಿದೆವು. ಗಂಟೆಗೆ 50 ಕಿಲೋಮೀಟರು ವೇಗದ ಕಾರು ಏನನ್ನಾದರೂ ಹಾಯ್ದು, ಅದರೊಳಗಿನ 36 ಕಿಲೋಗ್ರಾಂ ತೂಕದ ನಾಯಿಯು ಅರ್ಧ ಮೀಟರಿನ ಅಂತರದಲ್ಲಿ ನಿಲ್ಲಬೇಕಾದರೆ, ಎದುರಿಗೆ ಇದ್ದವರ ಬೆನ್ನಿಗೆ ಬೀಳುವ ಬಲವು ಎಷ್ಟು? ಚಲನೆಯ ಪಾಠದ ಸೂತ್ರದಂತೆ ಅವರು ಲೆಕ್ಕ ಮಾಡಿ, ಸುಮಾರು 6,900 ನ್ಯೂಟನ್, ಅಂದರೆ 700 ಕಿಲೋಗ್ರಾಂ ಭಾರಕ್ಕೆ ಸಮವೆಂದು ಹಲಗೆಯ ಮೇಲೆ ಬರೆದರು. ಡ್ರೈವರನು ತಾನು ಕೂಡ್ರುವ ಸ್ಥಳವನ್ನು ನೆನೆದು ಮರುಮಾತಾಡಲಿಲ್ಲ. ಬೆಲ್ಟಿನ ಕೊಂಡಿಯನ್ನು ಕುತ್ತಿಗೆಯ ಪಟ್ಟಿಗೆ ಎಂದಿಗೂ ತೊಡಿಸಬಾರದು, ಅಕಸ್ಮಾತ್ತಾಗಿ ಬ್ರೇಕು ಹಾಕಿದರೆ ಕುತ್ತಿಗೆಯೇ ಮುರಿದೀತು. ಎದೆಯನ್ನು ಸುತ್ತುವ ಅಗಲವಾದ ಎದೆಪಟ್ಟಿಗೇ ತೊಡಿಸಬೇಕು. ಮುಂದಿನ ಆಸನದಲ್ಲಿ ನಾಯಿಯನ್ನು ಕೂಡ್ರಿಸುವುದು ಸಲ್ಲದು, ಅಲ್ಲಿರುವ ಗಾಳಿಚೀಲವು ಮನುಷ್ಯರ ಅಳತೆಗೆ ಮಾಡಿದ್ದು. ಕಿಟಕಿಯ ಗಾಜಿನ ಗುಂಡಿಗೆ ಡ್ರೈವರನ ಬಳಿಯಲ್ಲಿ ಬೀಗವಿದೆ. ಅದನ್ನು ಹಾಕಿಯೇ ಹೊರಡತಕ್ಕದ್ದು. ಮೋತಿಯು ಒಮ್ಮೆ ತನ್ನ ಪಂಜದಿಂದಲೇ ಗಾಜನ್ನು ಇಳಿಸಿಕೊಂಡು ಹುಬ್ಬಳ್ಳಿಯ ಪೇಟೆಯಲ್ಲಿ ಅರ್ಧ ಮೈ ಹೊರಗೆ ಹಾಕಿ ನಿಂತಿತ್ತು.

ಕೂದಲಿನ ಮಾತಿಗೆ ಬರೋಣ, ಠರಾವು ಹುಟ್ಟಿದ್ದೇ ಅದರಿಂದ. ರಾಜನಿಗೆ ಎರಡು ಪದರದ ಕೂದಲು. ವರುಷದಲ್ಲಿ ಎರಡು ಸಲ ಒಳಗಿನ ಮೃದುವಾದ ಪದರವು ಹತ್ತಿಯ ಅರಳೆಯಂತೆ ಉದುರುತ್ತದೆ. ಅದು ಕಣ್ಣಿಗೆ ಕಾಣುತ್ತದೆ, ಕೈಗೂ ಸಿಕ್ಕುತ್ತದೆ. ಮೋತಿಯ ಕೂದಲಾದರೋ ಗಿಡ್ಡ, ಬಿರುಸು. ಸೂಜಿಯಂತೆ ನೇಯ್ಗೆಯ ಒಳಕ್ಕೆ ಚುಚ್ಚಿಕೊಂಡುಬಿಡುತ್ತದೆ. ಗಿಡ್ಡ ಕೂದಲಿನ ನಾಯಿಯಿಂದ ಉಪದ್ರವ ಕಡಿಮೆಯೆಂದು ತಿಳಿದವರು ಒಮ್ಮೆ ಅದನ್ನು ಆಸನದಿಂದ ಕಿತ್ತು ನೋಡಬೇಕು. ಹೊರಡುವ ಮುಂಚೆ ಬೇವಿನ ಮರದ ಕೆಳಗೆ ಕಾಲು ಗಂಟೆ ಬ್ರಷ್ಷಿನಿಂದ ಮೈ ತಿಕ್ಕಿದರೆ, ಕಾರಿನಲ್ಲಿ ಉದುರತಕ್ಕದ್ದು ಅಂಗಳದಲ್ಲಿಯೇ ಉದುರುತ್ತದೆ. ಅದನ್ನೂ ಮೀರಿ ಉಳಿದದ್ದಕ್ಕೆ ಪಾತ್ರೆ ತೊಳೆಯುವ ರಬ್ಬರಿನ ಕೈಚೀಲವೇ ಸಾಕು. ಸ್ವಲ್ಪ ತೇವ ಮಾಡಿ, ಒಂದೇ ದಿಕ್ಕಿಗೆ ಸವರುತ್ತ ಬಂದರೆ ಕೂದಲು ಹಗ್ಗದಂತೆ ಹೊಸೆದುಕೊಂಡು ಬರುತ್ತದೆ. ಕಂಬಳಿಯನ್ನು ಹಾಸುವವರುಂಟು, ಉಣ್ಣೆಗೂ ನಾಯಿಕೂದಲಿಗೂ ಇರುವ ಸ್ನೇಹವನ್ನು ನೋಡಿದರೆ ಅದು ಬೇಡವೆಂದೇ ನಮ್ಮ ಅಭಿಪ್ರಾಯ.

ವಸತಿಗೃಹದಲ್ಲಿ ಉಬ್ಬಸದ ಕಾಯಿಲೆಯುಳ್ಳ ಹುಡುಗಿಯೊಬ್ಬಳಿದ್ದಳು. ಅವಳಂಥವರಿಗೆ ಕೇಡು ಮಾಡುವುದು ಕೂದಲಿಗಿಂತ ಹೆಚ್ಚಾಗಿ ನಾಯಿಯ ಚರ್ಮದ ಹೊಟ್ಟು ಮತ್ತು ಒಣಗಿದ ಜೊಲ್ಲು. ಅವು ಕಣ್ಣಿಗೆ ಕಾಣದಷ್ಟು ಸೂಕ್ಷ್ಮವಾಗಿ ಬಟ್ಟೆಯಲ್ಲಿ ಬಹುಕಾಲ ನಿಲ್ಲುತ್ತವೆ. ಆದಕಾರಣ ನಾಯಿಯು ಇಳಿದೊಡನೆ ಹೊದಿಕೆಯೂ ಇಳಿಯಬೇಕು, ಅದನ್ನು ಬಿಸಿನೀರಿನಲ್ಲಿ ಒಗೆಯಬೇಕು, ಕಾರಿನ ಒಳಗನ್ನು ಧೂಳು ಹೀರುವ ಯಂತ್ರದಿಂದ ಗುಡಿಸಬೇಕು ಎಂದು ನಿಯಮ ಮಾಡಿದೆವು. ಇಷ್ಟಾದರೂ ಆ ಹುಡುಗಿಯನ್ನು ಮಾತ್ರ ಆಸ್ಪತ್ರೆಗೆ ಆಟೋದಲ್ಲಿಯೇ ಕಳುಹಿಸುತ್ತಿದ್ದೆವು. ಕೆಲವು ಕಡೆ ಶುಚಿತ್ವಕ್ಕೂ ಒಂದು ಎಲ್ಲೆಯುಂಟು.

ಅಣ್ಣಿಗೇರಿಯ ಸುತ್ತಲಿನ ಎರೆಭೂಮಿಯನ್ನು ಬಲ್ಲವರಿಗೆ ಮುಂದಿನ ಸಂಗತಿಯನ್ನು ವಿವರಿಸಬೇಕಾಗಿಲ್ಲ. ಜೂನ್ ತಿಂಗಳಲ್ಲಿ ನಾವು ಶಾಲೆಗೆ ಮರಳುವ ಹೊತ್ತಿಗೆ ಮೊದಲ ಮಳೆ ಬಿದ್ದಿರುತ್ತದೆ. ನಡುದಾರಿಯಲ್ಲಿ ನಾಯಿಗಳನ್ನು ಐದು ನಿಮಿಷ ಕೆಳಗಿಳಿಸಿದರೆ ಸಾಕು, ಒಂದೊಂದು ಪಾದಕ್ಕೂ ಸೇರಿನಷ್ಟು ಕರಿಯ ಮಣ್ಣು ಅಂಟಿರುತ್ತದೆ. ಈ ಮಣ್ಣು ನೀರನ್ನು ಕುಡಿದು ಉಬ್ಬುತ್ತದೆ, ಒಣಗಿದಾಗ ಕುಗ್ಗಿ ಬಿರಿಯುತ್ತದೆ. ಹಸಿಯಾಗಿರುವಾಗ ಒರಸಿದಷ್ಟೂ ಬಟ್ಟೆಯ ಎಳೆಗಳೊಳಗೆ ಹೊಗುತ್ತದೆ. ಹೊದಿಕೆಯ ಮೇಲೆ ಬಿದ್ದದ್ದನ್ನು ಮುಟ್ಟದೆ ಮನೆಯವರೆಗೆ ಬಿಟ್ಟು, ಬಿಸಿಲಿಗೆ ಒಣಗಿಸಿ, ಕೋಲಿನಿಂದ ಬಡಿದರೆ ಹೆಂಟೆಯಾಗಿ ಉದುರಿಹೋಗುತ್ತದೆ. ಪಾದಗಳನ್ನಾದರೋ ಕಾರಿಗೆ ಏರಿಸುವ ಮುಂಚೆಯೇ ಒಂದು ಡಬ್ಬಿಯ ನೀರಿನಲ್ಲಿ ಅದ್ದಿ, ಬೆರಳುಗಳ ಸಂದಿಯನ್ನು ತೊಳೆದು, ಹಳೆಯ ಟವೆಲಿನಿಂದ ಒತ್ತಿ ಒಣಗಿಸಬೇಕು. ಆಗಲೇ ಉಗುರುಗಳನ್ನೂ ನೋಡಿಕೊಳ್ಳಬೇಕು. ಕತ್ತರಿಸಿದ ಉಗುರು ಆಸನಕ್ಕೆ ಹೊದಿಕೆಗಿಂತ ದೊಡ್ಡ ರಕ್ಷಣೆ.

ಏಪ್ರಿಲಿನ ಪ್ರಯಾಣಕ್ಕೆ ಮಣ್ಣಿನ ಭಯವಿಲ್ಲ, ಬಿಸಿಲಿನ ಭಯ. ಇದನ್ನು ನಾವು ಹುಡುಗಿಯರಿಗೆ ಎಷ್ಟು ಸಲ ಹೇಳಿದರೂ ಹೆಚ್ಚಾಗದು. ಹೊರಗೆ ಹಿತವಾದ 24 ಡಿಗ್ರಿಯ ಹವೆಯಿರುವ ದಿನದಲ್ಲಿಯೂ ಬಿಸಿಲಲ್ಲಿ ಮುಚ್ಚಿ ನಿಲ್ಲಿಸಿದ ಕಾರಿನೊಳಗಿನ ಉಷ್ಣವು ಹತ್ತೇ ನಿಮಿಷದಲ್ಲಿ ಸುಮಾರು 10 ಡಿಗ್ರಿ ಏರುತ್ತದೆ, ಅರ್ಧ ಗಂಟೆಯಲ್ಲಿ 40 ಡಿಗ್ರಿಯನ್ನು ದಾಟುತ್ತದೆ. ಗಾಜನ್ನು ಎರಡು ಬೆರಳು ಇಳಿಸಿದರೆ ಹೆಚ್ಚಿನ ಪ್ರಯೋಜನವಿಲ್ಲ. ನಾಯಿಗೆ ನಮ್ಮ ಹಾಗೆ ಮೈಯೆಲ್ಲ ಬೆವರುವ ಶಕ್ತಿಯಿಲ್ಲ; ಏದುಸಿರಿನಿಂದಲೇ ಅದು ತನ್ನ ಮೈಯನ್ನು ತಂಪುಮಾಡಿಕೊಳ್ಳಬೇಕು, ಕಾದ ಗಾಳಿಯಲ್ಲಿ ಏದುಸಿರೂ ನಿಷ್ಫಲ. ಗದಗಿನ ಪೇಟೆಯಲ್ಲಿ ಒಂದು ಸೇರು ಸಕ್ಕರೆ ಕೊಳ್ಳುವುದಕ್ಕೆಂದು ಕಾರನ್ನು ಬೀಗ ಹಾಕಿ ಹೋಗುವಷ್ಟರಲ್ಲಿ ಪ್ರಾಣ ಹೋಗಬಹುದು. ಆದುದರಿಂದ ನಾವು ಬೆಳಗಿನ ಐದು ಗಂಟೆಗೇ ಹೊರಡುತ್ತೇವೆ, ದಾರಿಯಲ್ಲಿ ಒಬ್ಬರಲ್ಲ ಒಬ್ಬರು ಕಾರಿನಲ್ಲಿ ಉಳಿಯುತ್ತೇವೆ. ಹಿಂದಿನ ರಾತ್ರಿ ಮಿತವಾದ ಊಟ, ಬೆಳಿಗ್ಗೆ ನೀರು ಮಾತ್ರ. ಬರಿದಾದ ಹೊಟ್ಟೆಯಿಂದ ವಾಂತಿಯಾಗುವ ಸಂಭವ ಕಡಿಮೆ.

ಇಷ್ಟಾಗಿಯೂ ಕೆಡುವುದು ಕೆಡುತ್ತದೆ. ವಾಂತಿಯಾದರೆ ರಟ್ಟಿನ ತುಂಡಿನಿಂದ ಎತ್ತಿ ತೆಗೆದು, ತಣ್ಣೀರಿನಿಂದ ಒರಸಬೇಕು. ಬಿಸಿನೀರು ಕಲೆಯನ್ನು ಕಚ್ಚಿಸುತ್ತದೆ. ಮೂತ್ರವಾದರೆ ಉಜ್ಜದೆ, ಒಣಬಟ್ಟೆಯನ್ನು ಒತ್ತಿ ಒತ್ತಿ ಹೀರಿಸಬೇಕು. ಅಮೋನಿಯಾ ಬೆರೆತ ದ್ರಾವಣಗಳನ್ನು ಬಳಸಬಾರದು, ನಾಯಿಯ ಮೂಗಿಗೆ ಅದೂ ಮೂತ್ರದ ವಾಸನೆಯೇ ಆದಕಾರಣ ಅದೇ ಸ್ಥಳವನ್ನು ಮತ್ತೆ ಆರಿಸಿಕೊಂಡೀತು. ಫಿನಾಯಿಲಂತೂ ಪಾದವನ್ನು ನೆಕ್ಕಿಕೊಳ್ಳುವ ಪ್ರಾಣಿಗೆ ವಿಷ. ರಾತ್ರಿ ಅಡಿಗೆಯ ಸೋಡಾವನ್ನು ಉದುರಿಸಿಟ್ಟು ಬೆಳಿಗ್ಗೆ ಗುಡಿಸಿದರೆ ಉಳಿದ ವಾಸನೆಯು ಬಹುಮಟ್ಟಿಗೆ ಇಳಿಯುತ್ತದೆ. ಕಾರಿನಲ್ಲಿ ಊದುಬತ್ತಿಯನ್ನು ಹಚ್ಚುವ ಸಲಹೆಯೂ ನಮಗೆ ಬಂದಿತ್ತು; ಅದನ್ನು ನಡವಳಿ ಪುಸ್ತಕಕ್ಕೆ ಸೇರಿಸಲಿಲ್ಲ.

ಮೂರು ತಿಂಗಳು ಮುಗಿದ ದಿನ ಅದೇ ಹಿರಿಯ ಸದಸ್ಯರು ಮುಂಚಿತವಾಗಿ ತಿಳಿಸದೆ ಬಂದರು. ರಾಜನು ಒಂದು ಗಂಟೆಯ ಹಿಂದಷ್ಟೇ ಆಸ್ಪತ್ರೆಯಿಂದ ಮರಳಿದ್ದನು; ಹೊದಿಕೆಯು ತಂತಿಯ ಮೇಲೆ ನೀರು ತೊಟ್ಟಿಕ್ಕುತ್ತಿತ್ತು. ಅವರು ಕಾರಿನ ಬಾಗಿಲು ತೆರೆದು, ತಲೆಯನ್ನು ಒಳಗಿಟ್ಟು ಮೂಸಿದರು. ಆಮೇಲೆ ಜೇಬಿನಿಂದ ಬಿಳಿಯ ಕರವಸ್ತ್ರವನ್ನು ತೆಗೆದು ಹಿಂದಿನ ಆಸನದ ಈ ತುದಿಯಿಂದ ಆ ತುದಿಯವರೆಗೆ ಒತ್ತಿ ಎಳೆದು, ಕನ್ನಡಕವನ್ನು ಸರಿಪಡಿಸಿಕೊಂಡು ಎರಡು ಮಗ್ಗುಲನ್ನೂ ನೋಡಿದರು. ಕರವಸ್ತ್ರವನ್ನು ಮಡಚಿ ಮತ್ತೆ ಜೇಬಿನಲ್ಲಿಟ್ಟುಕೊಂಡು, “ಸಭೆಗೆ ನನ್ನನ್ನು ಇದರಲ್ಲಿಯೇ ಕರೆದುಕೊಂಡು ಹೋಗಿರಿ, ಅಮ್ಮ” ಎಂದರು. ಅಂದಿನ ಸಭೆಯಲ್ಲಿ ಹಳೆಯ ಠರಾವು ರದ್ದಾಯಿತು.

ರಾಜನಿಗೆ ಈಗ ಮುಪ್ಪು. ಅವನ ಜಾತಿಯವರು ಹನ್ನೆರಡು ಹದಿಮೂರು ವರುಷಕ್ಕೆ ಮೀರಿ ಬದುಕುವುದು ಅಪರೂಪ. ಹಿಂಗಾಲುಗಳಿಗೆ ಕಾರನ್ನು ಏರುವ ಬಲವಿಲ್ಲದ್ದರಿಂದ ಶಾಲೆಯ ಬಡಿಗನು ಮುರಿದ ಬೆಂಚಿನ ಹಲಗೆಯೊಂದಕ್ಕೆ ತೆಂಗಿನ ನಾರಿನ ಚಾಪೆಯನ್ನು ಮೊಳೆಹೊಡೆದು ಇಳಿಜಾರು ಮಾಡಿಕೊಟ್ಟಿದ್ದಾನೆ. ಅದು ಯಾವಾಗಲೂ ಡಿಕ್ಕಿಯಲ್ಲಿಯೇ ಇರುತ್ತದೆ. ಶನಿವಾರ ಡ್ರೈವರನು ಅದನ್ನು ಹೊರತೆಗೆದ ಸದ್ದು ಕೇಳಿದೊಡನೆ ರಾಜನು ಎದ್ದು, ತಾನಾಗಿಯೇ ಬೇವಿನ ಮರದ ಕೆಳಗೆ ಬ್ರಷ್ಷಿಗಾಗಿ ಬಂದು ನಿಲ್ಲುತ್ತಾನೆ. ಹಲಗೆಯನ್ನು ಏರುವಾಗ ಹತ್ತನೆಯ ತರಗತಿಯ ಇಬ್ಬರು ಹುಡುಗಿಯರು ಅವನ ಸೊಂಟದ ಕೆಳಗೆ ಟವೆಲನ್ನು ಹಾಕಿ ಎತ್ತಿ ಹಿಡಿಯುತ್ತಾರೆ. ಮೊದಲಿನ ಕೌದಿಯು ಒಗೆದು ಒಗೆದು ಮೂರು ಕಡೆ ಹರಿದಿದೆ. ಎರಡನೆಯದಕ್ಕೆ ಸೀರೆಗಳು ಕೂಡಿಬಂದಿವೆ. ಸೊಂಟ ನೋಯದಂತೆ ನಡುವೆ ಇನ್ನೊಂದು ಪದರ ಹೆಚ್ಚಾಗಿರಲೆಂದು ಮೇಟ್ರನ್ ಅಮ್ಮನವರು ಹೇಳಿ, ಅಂಚಿನಿಂದ ಹೊಲಿಯಲು ಕುಳಿತಿದ್ದಾರೆ.